ವಿಟಿ ಕಟ್ಟಿದ ಸ್ಟೀವನ್ಸ್

ಇಂಡಸ್ಟ್ರಿಯಲ್ ವಿಸಿಟ್ ಅಂತ ಮುಂಬೈಗೆ ಹೋದವರು ನಾವು. ಫ್ಯಾಕ್ಟರಿಯಲ್ಲಿ ಏನು ನೋಡಿದ್ರಿ ಅಂತ ಈಗ ಯಾರಾದರೂ ಕೇಳಿದರೆ ನಾಲ್ಕು ಸಾಲು ಹೇಳೋದೂ ಕಷ್ಟ. ರಿಪೋರ್ಟಿನಲ್ಲಿ ಹೇಗೋ ಇಪ್ಪತ್ತು ಪುಟ ತುಂಬಿಸಿದ್ದೇವೆ, ಅದು ಬೇರೆ ಮಾತು. ತಲೆಯಲ್ಲಿ ಉಳಿದದ್ದು ಮಾತ್ರ ನಾವು ಇಳಿದ ರೈಲ್ವೆ ಸ್ಟೇಷನ್ನು.

ತಮಾಷೆ ಅಂದರೆ, ಇಳಿದ ರಾತ್ರಿ ಆ ಸ್ಟೇಷನ್ನನ್ನು ನಾವು ನೋಡಲೇ ಇಲ್ಲ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ರಾಯಚೂರು, ಕಲಬುರಗಿ, ಸೋಲಾಪುರ, ಪುಣೆ ದಾಟಿ, ಸುಮಾರು ಇಪ್ಪತ್ತನಾಲ್ಕು ಗಂಟೆ ಕೂತು ಸೊಂಟ ಹಿಡಿದಿತ್ತು. ದೂರದ ಗಾಡಿಗಳು ನಿಲ್ಲುವ ಪ್ಲಾಟ್‌ಫಾರ್ಮುಗಳು ಪೂರ್ವದ ಕಡೆ ಇವೆ. ಅಲ್ಲಿಂದಲೇ ಲಗೇಜು ಎಳೆದುಕೊಂಡು ಹೊರಗೆ ಬಂದು ಟ್ಯಾಕ್ಸಿ ಹಿಡಿದೆವು. ಮಾಮೂಲಿ ಸ್ಟೇಷನ್ನು, ಇದಕ್ಕೇನು ಇಷ್ಟು ಹೆಸರು ಅಂತ ನಮ್ಮಲ್ಲೊಬ್ಬ ಗೊಣಗಿದ್ದೂ ಉಂಟು. ಮಾರನೇ ದಿನ ಪಶ್ಚಿಮದ ರಸ್ತೆಯಿಂದ ತಿರುಗಿ ನೋಡಿದಾಗ ಬಾಯಿ ಮುಚ್ಚಿತು. ಗುಮ್ಮಟ, ಗೋಪುರ, ಚೂಪು ಕಮಾನು, ಕಲ್ಲಿನ ನವಿಲು, ಕೋತಿ, ಎಲೆ, ಬಳ್ಳಿ. ಅದರ ಕೆಳಗೆ ಒಂದೇ ಸಮನೆ ಹರಿಯುವ ಜನ. ಅಲ್ಲಿಯವರು ಯಾರೂ ತಲೆ ಎತ್ತಿ ನೋಡ್ತಿರಲಿಲ್ಲ. ಅವರಿಗೆ 5.40ರ ಲೋಕಲ್ ಮುಖ್ಯ.

ಇದನ್ನು ಕಟ್ಟಿದ್ದು ಯಾರು ಅಂತ ನಮ್ಮ ಗುಂಪಿನಲ್ಲಿ ಕೇಳಿದಾಗ ಒಬ್ಬರಿಗೂ ಗೊತ್ತಿರಲಿಲ್ಲ. ಬ್ರಿಟಿಷರು ಅಂತ ಒಬ್ಬ ಅಂದ. ಬ್ರಿಟಿಷರು ಅಂದರೆ ಯಾವ ಬ್ರಿಟಿಷರು? ಎಂಜಿನಿಯರಿಂಗ್ ಓದುವ ಹನ್ನೊಂದು ಜನಕ್ಕೆ ಇದು ಸ್ವಲ್ಪ ನಾಚಿಕೆಯ ವಿಷಯವೇ ಅನ್ನಿಸಿತು. ನಾಳೆ ನಾವು ಕಟ್ಟಿದ್ದಕ್ಕೂ ಇದೇ ಗತಿ ತಾನೆ. ಹಾಗಾಗಿ ವಾಪಸು ಬಂದ ಮೇಲೆ ಕೂತು ಓದಿದ್ದನ್ನೂ, ಅಲ್ಲಿ ಕಂಡದ್ದನ್ನೂ ಸೇರಿಸಿ ಈ ಬರಹ.

ಆತನ ಹೆಸರು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. ಹುಟ್ಟಿದ್ದು 1847ರ ನವೆಂಬರ್ 11ರಂದು, ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ. ಬಾತ್ ಕಲ್ಲಿನ ಊರು. ಅಲ್ಲಿ ಸಿಗುವ ಜೇನುಬಣ್ಣದ ಸುಣ್ಣಕಲ್ಲಿನಲ್ಲೇ ಬೀದಿಗೆ ಬೀದಿಯೇ ಕಟ್ಟಿದ್ದಾರೆ. ಮೆತ್ತಗಿನ ಕಲ್ಲು, ಉಳಿ ಹೇಳಿದ ಮಾತು ಕೇಳುತ್ತದೆ. ಹುಡುಗ ಅಲ್ಲೇ ಚಾರ್ಲ್ಸ್ ಡೇವಿಸ್ ಎಂಬ ಆರ್ಕಿಟೆಕ್ಟ್ ಕೈಕೆಳಗೆ ಕೆಲಸ ಕಲಿತ. ಆಗ ಈಗಿನ ಹಾಗೆ ನಾಲ್ಕು ವರ್ಷದ ಡಿಗ್ರಿ, ಸೆಮಿಸ್ಟರು, ಬ್ಯಾಕ್‌ಲಾಗು ಇರಲಿಲ್ಲ. ಒಬ್ಬ ಹಿರಿಯನ ಕಚೇರಿ ಸೇರಿ, ನಕ್ಷೆ ಎಳೆದು, ಅಳತೆ ಹಿಡಿದು, ಬೈಸಿಕೊಂಡು ಕಲಿಯುವುದು. ಒಂಥರಾ ನಾಲ್ಕೈದು ವರ್ಷದ ಇಂಟರ್ನ್‌ಶಿಪ್ಪು.

1867ರಲ್ಲಿ, ಇನ್ನೂ ಇಪ್ಪತ್ತು ತುಂಬುವುದರೊಳಗೆ, ಭಾರತದ ಲೋಕೋಪಯೋಗಿ ಇಲಾಖೆಯ ಕೆಲಸ ಸಿಕ್ಕಿತು. ಪಿಡಬ್ಲ್ಯುಡಿ ಅಂದರೆ ನಮಗೆ ಗುಂಡಿ ಬಿದ್ದ ರಸ್ತೆ ನೆನಪಾಗುತ್ತದೆ. ಆ ಕಾಲದಲ್ಲಿ ಸರ್ಕಾರದ ದೊಡ್ಡ ಕಟ್ಟಡ, ಸೇತುವೆ, ಕಾಲುವೆ ಎಲ್ಲಾ ಆ ಇಲಾಖೆಯದೇ. ಹಡಗು ಹತ್ತಿ ಬಂದ ಹುಡುಗನಿಗೆ ಮೊದಲು ಪುಣೆಯಲ್ಲಿ ಕೆಲಸ. ಮರುವರ್ಷ, 1868ರಲ್ಲಿ, ಬೊಂಬಾಯಿಗೆ ವರ್ಗ. ಅಲ್ಲಿಂದ ಮುಂದೆ ಆತನ ಬದುಕು ಹೆಚ್ಚುಕಡಿಮೆ ಆ ಊರಿನದೇ ಆಯಿತು.

ಬಂದ ಹೊತ್ತು ಚೆನ್ನಾಗಿತ್ತು. ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿ, ನಮ್ಮ ದೇಶದ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಬೊಂಬಾಯಿಯ ಬಂದರಿಗೆ ದುಡ್ಡು ಸುರಿಯಿತು. ಯುದ್ಧ ಮುಗಿದದ್ದೇ ತಡ ಬೆಲೆ ಕುಸಿದು ಎಷ್ಟೋ ಮನೆತನ ಬೀದಿಗೆ ಬಿದ್ದವು, ಆದರೆ ಊರು ಮಾತ್ರ ದೊಡ್ಡದಾಗಿಬಿಟ್ಟಿತ್ತು. ಗವರ್ನರ್ ಬಾರ್ಟಲ್ ಫ್ರಿಯರ್ ಹಳೇ ಕೋಟೆಯ ಗೋಡೆಗಳನ್ನು ಕೆಡವಿಸಿದ್ದ. ಖಾಲಿಯಾದ ಜಾಗದಲ್ಲಿ ಸೆಕ್ರೆಟರಿಯೇಟು, ಹೈಕೋರ್ಟು, ವಿಶ್ವವಿದ್ಯಾಲಯ ಸಾಲಾಗಿ ಏಳುವುದಿತ್ತು. 1869ರಲ್ಲಿ ಸೂಯೆಜ್ ಕಾಲುವೆಯೂ ತೆರೆದು, ಯುರೋಪಿನ ಹಡಗು ಮೊದಲು ಬಂದು ಮುಟ್ಟುವ ಬಾಗಿಲು ಬೊಂಬಾಯಿಯೇ ಆಯಿತು. ಸಿವಿಲ್ ಓದಿದವನಿಗೆ ಇದಕ್ಕಿಂತ ಒಳ್ಳೆ ಪ್ಲೇಸ್‌ಮೆಂಟು ಬೇಕಾ?

ವಿಶ್ವವಿದ್ಯಾಲಯದ ಕಟ್ಟಡಗಳ ನಕ್ಷೆ ಮಾಡಿದ ಗಿಲ್ಬರ್ಟ್ ಸ್ಕಾಟ್ ಆಗಿನ ಇಂಗ್ಲೆಂಡಿನ ಅತಿ ದೊಡ್ಡ ಆರ್ಕಿಟೆಕ್ಟ್. ಆತ ಭಾರತಕ್ಕೆ ಕಾಲಿಡಲೇ ಇಲ್ಲ. ಲಂಡನ್ನಿನಲ್ಲಿ ಕೂತು ನಕ್ಷೆ ಕಳಿಸಿದ, ಇಲ್ಲಿಯವರು ಕಟ್ಟಿಸಿದರು. ಒಂದು ಬಗೆಯ ವರ್ಕ್ ಫ್ರಮ್ ಹೋಮ್. ಸ್ಟೀವನ್ಸ್ ಇದಕ್ಕೆ ತದ್ವಿರುದ್ಧ. ಮಳೆಗಾಲ ಯಾವಾಗ ಶುರು, ಯಾವ ಕಲ್ಲು ನೀರು ಕುಡಿಯುತ್ತದೆ, ಯಾವ ದಿಕ್ಕಿನ ಗಾಳಿ ಸಮುದ್ರದಿಂದ ಬರುತ್ತದೆ ಎಂದು ಹತ್ತು ವರ್ಷ ಅಲ್ಲೇ ಬದುಕಿ ಕಂಡವನು. ಇಬ್ಬರ ಕಟ್ಟಡವನ್ನೂ ಒಂದೇ ದಿನ ಸುತ್ತಿದ ನಮಗೆ ಆ ವ್ಯತ್ಯಾಸ ಕಣ್ಣಿಗೆ ಕಂಡಿತು ಅಂತಲೇ ಅನ್ನಿಸಿತು. ಇದು ನಮ್ಮ ಭ್ರಮೆಯೂ ಇರಬಹುದು ಬಿಡಿ.

ಮೊದಲು ಹೆಸರು ತಂದುಕೊಟ್ಟದ್ದು ನಾವಿಕರಿಗೆ ಕಟ್ಟಿದ ಒಂದು ವಸತಿಗೃಹ. ವಿಕ್ಟೋರಿಯಾ ರಾಣಿಯ ಮಗ ಆಲ್ಫ್ರೆಡ್ 1870ರಲ್ಲಿ ಬೊಂಬಾಯಿಗೆ ಬಂದ ನೆನಪಿಗೆ ರಾಯಲ್ ಆಲ್ಫ್ರೆಡ್ ಸೇಲರ್ಸ್ ಹೋಮ್ ಎಂದು ಹೆಸರಿಟ್ಟು, 1872ರಿಂದ 76ರ ತನಕ ಕಟ್ಟಿದರು. ಮುಂಭಾಗದ ತ್ರಿಕೋನದಲ್ಲಿ ಸಮುದ್ರದೇವ ನೆಪ್ಚೂನ್ ತನ್ನ ಪರಿವಾರದ ಜೊತೆ ಕೂತಿದ್ದಾನೆ. ನಾವಿಕರು ಖಾಲಿ ಮಾಡಿದ ಮೇಲೆ ಅದು ಶಾಸನಸಭೆಯ ಮನೆಯಾಯಿತು. ಈಗ ಮಹಾರಾಷ್ಟ್ರ ಪೊಲೀಸಿನ ಪ್ರಧಾನ ಕಚೇರಿ. ನೆಪ್ಚೂನ್ ಮಾತ್ರ ವರ್ಗ ಆಗದೆ ಅಲ್ಲೇ ಇದ್ದಾನೆ.

ಈಗ ರೈಲಿಗೆ ಬರೋಣ. 1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಬೊಂಬಾಯಿಯ ಬೋರಿಬಂದರಿನಿಂದ ಠಾಣೆಗೆ. 34 ಕಿಲೋಮೀಟರ್, ಮೂರು ಎಂಜಿನ್, ಹದಿನಾಲ್ಕು ಗಾಡಿ, ನಾನೂರು ಜನ. ಕ್ವಿಜ್‌ನಲ್ಲಿ ಎಲ್ಲರಿಗೂ ಬರುವ ಉತ್ತರ ಇದು. ಓಡಿಸಿದ ಕಂಪನಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಚಿಕ್ಕದಾಗಿ ಜಿಐಪಿ. ಅಲ್ಲಿದ್ದದ್ದು ಸಾಧಾರಣ ಸ್ಟೇಷನ್ನು. ಆದರೆ ಜಿಐಪಿ ಬೆಳೆಯುತ್ತ ಹೋಯಿತು. ಪಶ್ಚಿಮ ಘಟ್ಟ ಹತ್ತಿತು. 1870ರಲ್ಲಿ ಜಬಲ್ಪುರದಲ್ಲಿ ಕಲ್ಕತ್ತದ ಕಡೆಯ ಹಳಿಗೆ ಕೂಡಿಕೊಂಡಿತು. 1871ರಲ್ಲಿ ನಮ್ಮ ರಾಯಚೂರಿಗೆ ಬಂದು, ಮದ್ರಾಸ್ ಕಡೆಯಿಂದ ಬಂದ ಹಳಿಗೆ ಸೇರಿತು. ಕಲಬುರಗಿ, ವಾಡಿ, ಯಾದಗಿರಿ ಕಡೆಯ ಗೆಳೆಯರು ರಜೆಗೆ ಊರಿಗೆ ಹೋಗುವ ಹಳಿ ಅದೇ. ಬೊಂಬಾಯಿ, ಕಲ್ಕತ್ತ, ಮದ್ರಾಸು ಮೂರನ್ನೂ ಕಬ್ಬಿಣದಲ್ಲಿ ಕಟ್ಟಿದ ಮೇಲೆ ಕಂಪನಿಗೆ ತನ್ನ ದೊಡ್ಡಸ್ತಿಕೆಗೆ ತಕ್ಕ ಮನೆ ಬೇಕೆನಿಸಿತು.

ಈ ದುಡ್ಡಿನ ವಿಷಯ ಹೇಳದೆ ಮುಂದೆ ಹೋದರೆ ಸರಿಯಲ್ಲ. ಆ ರೈಲು ಕಂಪನಿಗಳಿಗೆ ಬಂಡವಾಳ ಹಾಕಿದ ಇಂಗ್ಲೆಂಡಿನ ಷೇರುದಾರರಿಗೆ ವರ್ಷಕ್ಕೆ ನೂರಕ್ಕೆ ಐದರಂತೆ ಲಾಭ ಕೊಟ್ಟೇ ಕೊಡುತ್ತೇವೆ ಅಂತ ಸರ್ಕಾರ ಖಾತ್ರಿ ಕೊಟ್ಟಿತ್ತು. ರೈಲು ಅಷ್ಟು ದುಡಿಯದಿದ್ದರೆ ಉಳಿದದ್ದನ್ನು ತುಂಬಿಕೊಡುತ್ತಿದ್ದದ್ದು ಭಾರತದ ಕಂದಾಯ. ಅಂದರೆ ರೈತ ಕಟ್ಟಿದ ತೆರಿಗೆ. ಗುಮ್ಮಟ ನೋಡಿ ವಾವ್ ಅನ್ನುವಾಗ ಇದೂ ನೆನಪಿರಲಿ ಅಂತ ನಮ್ಮ ಗುಂಪಿನ ಒಬ್ಬಳು ಪಟ್ಟು ಹಿಡಿದಿದ್ದಾಳೆ. ಅವಳ ಮಾತು ಸರಿ, ಹಾಗಾಗಿ ಬರೆದಿದ್ದೇವೆ. ಗುಮ್ಮಟ ಚಂದ ಇಲ್ಲ ಅಂತ ಅವಳೂ ಹೇಳಲಿಲ್ಲ.

1877ರ ಹೊತ್ತಿಗೆ ಸರ್ಕಾರ ಸ್ಟೀವನ್ಸ್‌ನನ್ನು ಜಿಐಪಿಗೆ ಎರವಲು ಕೊಟ್ಟಿತು. ಹತ್ತು ತಿಂಗಳ ರಜೆ ಪಡೆದು ಆತ ಯುರೋಪಿಗೆ ಹೋಗಿ ಅಲ್ಲಿನ ದೊಡ್ಡ ಸ್ಟೇಷನ್ನುಗಳನ್ನು ನೋಡಿಕೊಂಡು ಬಂದ. ನಮ್ಮದೂ ಇಂಡಸ್ಟ್ರಿಯಲ್ ವಿಸಿಟ್ಟೇ, ಅವನದೂ ಅದೇ. ಫಲದಲ್ಲಿ ಸ್ವಲ್ಪ ವ್ಯತ್ಯಾಸ. ಕೆಲಸ ಶುರುವಾದದ್ದು 1878ರಲ್ಲಿ. ಆತನಿಗೆ ಆಗ ಮೂವತ್ತು ವರ್ಷ. ಹಿಂದೆ ರೈಲು ಕಟ್ಟಿದ ಅನುಭವ ಇಲ್ಲ, ಕೈಯಲ್ಲಿರುವುದು ನಾವಿಕರ ಮನೆಯೊಂದು. ಅಂಥವನ ಕೈಗೆ ಊರಿನ ಅತಿ ದುಬಾರಿ ಕಟ್ಟಡ ಕೊಟ್ಟರು.

ನಕ್ಷೆ ಸಿದ್ಧವಾದ ಮೇಲೆ ಆಕ್ಸೆಲ್ ಹೇಗ್ ಎಂಬ ಸ್ವೀಡನ್ ಮೂಲದ ಕಲಾವಿದನಿಂದ ಕಟ್ಟಡದ ದೊಡ್ಡ ಜಲವರ್ಣ ಚಿತ್ರ ಬರೆಸಿದ. ಆ ಚಿತ್ರ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಕ್ಕೂ ಹೋಯಿತು. ಈಗಿನ ಬಿಲ್ಡರುಗಳು ತ್ರೀಡಿ ರೆಂಡರ್ ತೋರಿಸಿ ಫ್ಲಾಟ್ ಮಾರುತ್ತಾರಲ್ಲ, ಅದೇ ಕೆಲಸ. ಆದರೆ ಇಲ್ಲಿ ಚಿತ್ರದಲ್ಲಿ ತೋರಿಸಿದ್ದು ನೆಲದ ಮೇಲೂ ಬಂತು.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿಗೂ ಇದಕ್ಕೂ ಹೋಲಿಕೆ ಇದೆ, ಕಾಪಿ ಹೊಡೆದಿದ್ದಾನೆ ಅಂತ ಹೇಳುವವರಿದ್ದಾರೆ. ಫೋಟೋ ಇಟ್ಟು ನೋಡಿದರೆ ಮೊದಲ ನೋಟಕ್ಕೆ ಹೌದು ಅನ್ನಿಸುತ್ತದೆ. ಅದೂ ಗೋಥಿಕ್, ಇದೂ ಗೋಥಿಕ್. ಆದರೆ ಒಳಗೆ ನಡೆದಾಡಿದರೆ ಬೇರೆಯೇ. ಕಟ್ಟಡದ ನಕ್ಷೆ ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿದೆ. ಎರಡು ರೆಕ್ಕೆ ಬೀದಿಯ ಕಡೆ ಚಾಚಿ ನಡುವೆ ಅಂಗಳ ಬಿಟ್ಟಿವೆ. ನಮ್ಮ ತೊಟ್ಟಿಮನೆಯ ಒಂದು ಗೋಡೆ ತೆಗೆದ ಹಾಗೆ. ಕೋಣೆಗಳ ಮುಂದೆ ಉದ್ದಕ್ಕೂ ಕಮಾನಿನ ಜಗಲಿ, ಹಾಗಾಗಿ ಬಿಸಿಲು ನೇರ ಗೋಡೆಗೆ ಬೀಳುವುದಿಲ್ಲ, ಜಡಿಮಳೆ ಕಿಟಕಿಗೆ ಹೊಡೆಯುವುದಿಲ್ಲ. ಮೇಲ್ಛಾವಣಿ ಎತ್ತರ, ಬಿಸಿ ಗಾಳಿ ಮೇಲೇರಿ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ ಬೆವರು ಕಿತ್ತು ಬರುತ್ತಿದ್ದಾಗ ಆ ಜಗಲಿಯಲ್ಲಿ ನಿಂತ ನಾವು ಇದನ್ನು ಕ್ಲಾಸಿನಲ್ಲಿ ಕಲಿತದ್ದಕ್ಕಿಂತ ಚೆನ್ನಾಗಿ ಕಲಿತೆವು. ಲಂಡನ್ನಿನ ಚಳಿಗೆ ಈ ಜಗಲಿ ಬೇಕಿಲ್ಲ. ಕಾಪಿ ಹೊಡೆದವನು ಇದನ್ನು ಎಲ್ಲಿಂದ ತರುತ್ತಾನೆ?

ಈ ಕಟ್ಟಡದ ಹೆಚ್ಚಿನ ಭಾಗ ಈಗ ಸೆಂಟ್ರಲ್ ರೈಲ್ವೆಯ ಪ್ರಧಾನ ಕಚೇರಿ. ಕೆಲಸದ ದಿನದ ಮಧ್ಯಾಹ್ನ ನೋಡಲು ಬಿಡುತ್ತಾರೆಂದು ತಿಳಿದು ಹೋದೆವು. ಒಳಗೆ ಹೋದ ಕೂಡಲೇ ಮೆಟ್ಟಿಲು. ಎಂಟು ಮೂಲೆಯ ಗುಮ್ಮಟದ ಕೆಳಗೆ, ಗೋಡೆಗುಂಟ ಸುತ್ತಿಕೊಂಡು ಹೋಗುವ ಅಗಲವಾದ ಕಲ್ಲಿನ ಮೆಟ್ಟಿಲು. ಕೆಳಗೆ ಕಂಬ ಇಲ್ಲ, ತೊಲೆ ಇಲ್ಲ. ಒಂದೊಂದು ಕಲ್ಲಿನ ಒಂದು ತುದಿ ಗೋಡೆಯೊಳಗೆ ಹೂತಿದೆ, ಇನ್ನೊಂದು ತುದಿ ಗಾಳಿಯಲ್ಲಿದೆ. ನಾವು ಹನ್ನೊಂದು ಜನ ಒಟ್ಟಿಗೆ ಹತ್ತಿದೆವು, ನಮ್ಮ ಮೆಕ್ಯಾನಿಕಲ್ ಗೆಳೆಯ ಸ್ವಲ್ಪ ಹಿಂಜರಿದ. ಇಂಥ ಮೆಟ್ಟಿಲನ್ನು ಕ್ಯಾಂಟಿಲಿವರ್ ಅಂತ ಕರೆದರೂ, ಗೋಡೆ ಕಚ್ಚಿ ಹಿಡಿದಿದೆ ಅನ್ನುವ ಒಂದೇ ಕಾರಣಕ್ಕೆ ಅದು ನಿಲ್ಲುವುದಿಲ್ಲ. ಪ್ರತಿ ಕಲ್ಲೂ ತನ್ನ ಕೆಳಗಿನ ಕಲ್ಲಿನ ಅಂಚಿನ ಮೇಲೆ ಸ್ವಲ್ಪ ಕೂತಿರುತ್ತದೆ. ಮೇಲೆ ಕಾಲಿಟ್ಟಾಗ ಕಲ್ಲು ತಿರುಚಿಕೊಳ್ಳಲು ನೋಡುತ್ತದೆ, ಕೆಳಗಿನ ಕಲ್ಲು ಬೇಡ ಅನ್ನುತ್ತದೆ, ಗೋಡೆಯೂ ಬೇಡ ಅನ್ನುತ್ತದೆ. ಹಾಗೆ ಭಾರ ಕಲ್ಲಿಂದ ಕಲ್ಲಿಗೆ ಇಳಿದು ನೆಲ ಸೇರುತ್ತದೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸಿನಲ್ಲಿ ಟಾರ್ಶನ್ ಯಾಕೆ ಓದಬೇಕು ಅಂತ ಬೈದುಕೊಂಡವರು ದಯವಿಟ್ಟು ಒಮ್ಮೆ ಈ ಮೆಟ್ಟಿಲು ಹತ್ತಿ.

ತಲೆ ಎತ್ತಿದರೆ ಗುಮ್ಮಟ. ಕಲ್ಲಿನ ಎಂಟು ಪಕ್ಕೆಲುಬು, ಅವುಗಳ ನಡುವೆ ಬಣ್ಣದ ಗಾಜಿನಿಂದ ಇಳಿಯುವ ಬೆಳಕು. ಇದನ್ನು ಸೆಂಟ್ರಿಂಗ್ ಇಲ್ಲದೆ ಕಟ್ಟಿದರು ಅನ್ನೋದು ಆ ಕಾಲಕ್ಕೆ ದೊಡ್ಡ ಸುದ್ದಿ. ಸೆಂಟ್ರಿಂಗ್ ಅಂದರೆ ಗೊತ್ತಲ್ಲ, ನಮ್ಮೂರಲ್ಲಿ ಮೋಲ್ಡ್ ಹಾಕುವ ಮೊದಲು ಮೇಸ್ತ್ರಿ ಹಲಗೆ, ಕಂಬ ಕೊಟ್ಟು ನಿಲ್ಲಿಸುವ ಆಸರೆ. ಕಮಾನು ಕಟ್ಟುವಾಗ ಇದು ಬೇಕೇ ಬೇಕು. ನಡುವಿನ ಬೀಗದ ಕಲ್ಲು ಕೂರುವ ತನಕ ಎರಡು ಕಡೆಯ ಅರೆ ಕಮಾನು ತಾವಾಗಿ ನಿಲ್ಲಲಾರವು. ಗುಮ್ಮಟದ ಲೆಕ್ಕ ಬೇರೆ. ಅದನ್ನು ಉಂಗುರದ ಮೇಲೆ ಉಂಗುರ ಇಟ್ಟ ಹಾಗೆ ಕಟ್ಟುತ್ತಾ ಹೋಗಬಹುದು. ಒಂದು ಸುತ್ತಿನ ಕಡೆಯ ಕಲ್ಲು ಕೂತ ಕ್ಷಣಕ್ಕೆ ಆ ಸುತ್ತು ಭದ್ರ. ಎಲ್ಲ ಕಲ್ಲೂ ಒಳಗೆ ಬೀಳಲು ನೋಡಿ ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಜಾತ್ರೆಯಲ್ಲಿ ಬಾಗಿಲಿಗೆ ನುಗ್ಗಿದ ಜನರ ಹಾಗೆ, ಒಬ್ಬರೂ ಒಳಗೆ ಹೋಗಲಾರರು. ಕಷ್ಟ ಇರುವುದು ಸುತ್ತು ಮುಗಿಯುವ ಮೊದಲು, ಅರ್ಧ ಇಟ್ಟಾಗ. ಅಲ್ಲಿ ಸ್ಟೀವನ್ಸ್ ಪಕ್ಕೆಲುಬಿನ ಕಲ್ಲುಗಳನ್ನು ಬಡಗಿ ಪೆಟ್ಟಿಗೆಯ ಮೂಲೆ ಕೂಡಿಸುವ ಹಾಗೆ, ಒಂದರ ಹಲ್ಲು ಇನ್ನೊಂದರ ಗಾಡಿಯಲ್ಲಿ ಕೂರುವಂತೆ ಡವ್‌ಟೇಲ್ ಮಾಡಿಸಿದ. ಕಲ್ಲು ಕಲ್ಲನ್ನು ಹಿಡಿದುಕೊಂಡಿತು. ಅಲ್ಲದೆ ಇದು ಬೋಗುಣಿ ಮಗುಚಿದ ಹಾಗಿನ ಗುಮ್ಮಟ ಅಲ್ಲ, ಕಡಿದಾಗಿ ಮೇಲೇರುವಂಥದ್ದು. ಕಡಿದಾದಷ್ಟೂ ಕಲ್ಲು ಒಳಗೆ ವಾಲುವುದು ಕಡಿಮೆ. ಈ ಪ್ಯಾರಾ ಬರೆಯುವಾಗ ನಮ್ಮಲ್ಲಿ ಒಂದು ಗಂಟೆ ಜಗಳ ಆಗಿದೆ, ತಪ್ಪಿದ್ದರೆ ಸಿವಿಲ್ ವಿಭಾಗದವರು ತಿದ್ದಿ.

ಆ ಗುಮ್ಮಟದ ತುದಿಯಲ್ಲಿ ಪ್ರಗತಿ ಎಂಬ ಹೆಣ್ಣಿನ ಮೂರ್ತಿ. ಒಂದು ಕೈಯಲ್ಲಿ ಎತ್ತಿ ಹಿಡಿದ ಪಂಜು, ಇನ್ನೊಂದರಲ್ಲಿ ಚಕ್ರ. ಕೆತ್ತಿದವನು ಇಂಗ್ಲೆಂಡಿನ ಥಾಮಸ್ ಅರ್ಪ್. ಗೇಟಿನ ಕಂಬಗಳ ಮೇಲಿನ ಸಿಂಹವೂ ಹುಲಿಯೂ ಅವನದೇ. ಸಿಂಹ ಬ್ರಿಟನ್, ಹುಲಿ ಭಾರತ. ಎರಡೂ ಒಂದೇ ಎತ್ತರಕ್ಕೆ ಕೂತಿವೆ, ಕಲ್ಲಿನಲ್ಲಾದರೂ. ಮುಂಭಾಗದ ಶಿಖರಗಳ ಮೇಲೆ ವ್ಯವಸಾಯ, ವಾಣಿಜ್ಯದ ಜೊತೆಗೆ ಎಂಜಿನಿಯರಿಂಗಿಗೂ ಒಂದು ಮೂರ್ತಿ ಇದೆ. ನಮ್ಮ ಶಾಖೆಗೆ ದೇವತೆ ಇದ್ದಾಳೆ ಅಂತ ಗೊತ್ತಾದದ್ದು ಅವತ್ತೇ. ಪರೀಕ್ಷೆಗೆ ಮುಂಚೆ ಗೊತ್ತಿದ್ದರೆ ಚೆನ್ನಾಗಿತ್ತು.

ಆದರೆ ನಮ್ಮನ್ನು ತುಂಬಾ ಹೊತ್ತು ನಿಲ್ಲಿಸಿದ್ದು ಆ ದೊಡ್ಡ ಮೂರ್ತಿಗಳಲ್ಲ. ಕಂಬದ ತಲೆ, ಕಮಾನಿನ ಅಂಚು, ಕಿಟಕಿಯ ಮೂಲೆ, ನೋಡಿದಲ್ಲೆಲ್ಲ ಎಲೆ, ಹೂ, ಹಕ್ಕಿ, ಅಳಿಲು, ಕೋತಿ. ಒಂದು ಇನ್ನೊಂದರ ಹಾಗಿಲ್ಲ. ಇವನ್ನು ಮಾಡಿದವರು ಬೊಂಬಾಯಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು, ತಮ್ಮ ಗುರು ಜಾನ್ ಗ್ರಿಫಿತ್ಸ್ ಮಾರ್ಗದರ್ಶನದಲ್ಲಿ. ಗ್ರಿಫಿತ್ಸ್ ಅದೇ ವರ್ಷಗಳಲ್ಲಿ ತನ್ನ ವಿದ್ಯಾರ್ಥಿಗಳ ಜೊತೆ ಅಜಂತಾ ಗುಹೆಗಳ ಚಿತ್ರಗಳನ್ನು ನಕಲು ಮಾಡಿಸುತ್ತಿದ್ದವನು. ಯೋಚನೆ ಮಾಡಿ, ನಮ್ಮ ವಯಸ್ಸಿನ ಹುಡುಗರು. ಅಜಂತಾದಲ್ಲಿ ಕೈ ಪಳಗಿಸಿಕೊಂಡವರ ಗರಡಿಯಿಂದ ಬಂದು ರೈಲ್ವೆ ಸ್ಟೇಷನ್ನಿನ ಕಂಬಕ್ಕೆ ಮುಂಗುಸಿ ಬಿಡಿಸಿದ್ದಾರೆ. ಅವರ ಹೆಸರು ಕಟ್ಟಡದಲ್ಲಿ ಹುಡುಕಿದೆವು, ಸಿಗಲಿಲ್ಲ. ಜಿಐಪಿಯ ನಿರ್ದೇಶಕರ ಮುಖಗಳು ಮಾತ್ರ ಮುಂಭಾಗದಲ್ಲಿ ದುಂಡು ಚೌಕಟ್ಟಿನಲ್ಲಿ ಇವೆ. ಅವರಲ್ಲಿ ಜಮ್‌ಶೇಟ್‌ಜಿ ಜೀಜಿಭಾಯಿ, ಜಗನ್ನಾಥ ಶಂಕರಶೇಟ್ ಇದ್ದಾರೆ ಅನ್ನುವುದು ಒಂದು ಸಮಾಧಾನ.

ಸ್ಟೀವನ್ಸ್‌ನ ಜೊತೆ ಸಹಾಯಕ ಎಂಜಿನಿಯರ್ ಆಗಿ ದುಡಿದವರು ಸೀತಾರಾಮ ಖಂಡೇರಾವ್ ವೈದ್ಯ. ಹತ್ತು ವರ್ಷ ಸೈಟಿನಲ್ಲಿ ನಿಂತವರು ಇಂಥವರು. ಪೋರಬಂದರಿನಿಂದ ಬಂದ ಸುಣ್ಣಕಲ್ಲು, ಮಲಾಡಿನ ಹಳದಿ ಛಾಯೆಯ ಕಲ್ಲು, ಇಟಲಿಯ ಅಮೃತಶಿಲೆ, ಕೆಂಪು ಮರಳುಗಲ್ಲು, ಎಲ್ಲವನ್ನೂ ಒಂದೇ ಗೋಡೆಯಲ್ಲಿ ಕೂಡಿಸಿದ್ದಾರೆ. ಕೆತ್ತನೆಗೆ ಪೋರಬಂದರಿನ ಕಲ್ಲು, ಅದು ಮೆತ್ತಗಿನದು. ಬಾತ್ ಊರಿನ ಹುಡುಗನಿಗೆ ಆ ಕಲ್ಲು ಕಂಡಾಗ ಮನೆ ನೆನಪಾಗಿರಬೇಕು ಅಂತ ನಮ್ಮ ಊಹೆ. ಪ್ರಾಜೆಕ್ಟ್ ರಿಪೋರ್ಟಿನ ಮೇಲೆ ನಾಲ್ಕು ಹೆಸರಿದ್ದು ಕೆಲಸ ಮಾಡಿದವನು ಒಬ್ಬನೇ ಇರುವುದು ನಮ್ಮ ಕಾಲೇಜಿನ ಪದ್ಧತಿ. ಇಲ್ಲಿ ಉಲ್ಟಾ. ಕೆಲಸ ಮಾಡಿದವರು ಸಾವಿರ ಜನ, ಉಳಿದ ಹೆಸರು ಒಂದು.

1887ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದು ಐವತ್ತು ವರ್ಷ ತುಂಬಿದ ಸಂಭ್ರಮದಲ್ಲಿ ಸ್ಟೇಷನ್ನಿಗೆ ಅವಳ ಹೆಸರಿಟ್ಟರು. ಕೆಲಸ ಪೂರ್ತಿ ಮುಗಿದದ್ದು ಮರುವರ್ಷ. ಖರ್ಚು ಸುಮಾರು 16 ಲಕ್ಷ ರೂಪಾಯಿ. ಈಗ ಆ ದುಡ್ಡಿಗೆ ಒಂದು ಒಳ್ಳೆ ಕಾರು ಬರುತ್ತದೆ. ಕಟ್ಟಡ 330 ಅಡಿ ಉದ್ದ, ಹಿಂದಿನ ರೈಲು ಶೆಡ್ಡು 1,200 ಅಡಿ. ಉತ್ತರದ ರೆಕ್ಕೆಯಲ್ಲಿದ್ದ ಟಿಕೆಟ್ ಹಜಾರದ ಛಾವಣಿಗೆ ನೀಲಿ ಮೇಲೆ ಚಿನ್ನದ ನಕ್ಷತ್ರ. ಅದನ್ನು ಸ್ಟಾರ್ ಚೇಂಬರ್ ಅನ್ನುತ್ತಾರೆ. ಮೂರನೇ ದರ್ಜೆಯ ಟಿಕೆಟಿಗೆ ಸಾಲು ನಿಂತವನೂ ಸ್ಟೇಷನ್ನಿಗೆ ಬಂದಾಗ ತಲೆ ಮೇಲೆ ಇಂಥದ್ದೊಂದು ಸೊಬಗು ಕಂಡ ಅನ್ನುವುದು ನಮಗೆ ಸಣ್ಣ ಮಾತಾಗಿ ಕಾಣಲಿಲ್ಲ.

ನಡುವೆ 1884ರಲ್ಲೇ ಸ್ಟೀವನ್ಸ್ ಸರ್ಕಾರಿ ನೌಕರಿ ಬಿಟ್ಟಿದ್ದ. ಹದಿನೇಳು ವರ್ಷದ ಸರ್ವಿಸು, ತಿಂಗಳ ಸಂಬಳ, ಎಲ್ಲ ಬಿಟ್ಟು ಸ್ವಂತ ಕಚೇರಿ ತೆರೆದ. ಸ್ಟೇಷನ್ ಆಗಿನ್ನೂ ಅರ್ಧ ಎದ್ದಿತ್ತು. ಅದು ಬಿದ್ದಿದ್ದರೆ ಆತನೂ ಬೀಳುತ್ತಿದ್ದ. ಬೀಳಲಿಲ್ಲ. ಸ್ಟೇಷನ್ನಿನ ಎದುರಿಗೇ ನಗರಪಾಲಿಕೆಯ ಕಟ್ಟಡ ಏಳಬೇಕಿತ್ತು. ಮದ್ರಾಸಿನ ಸೆನೆಟ್ ಹೌಸ್ ಕಟ್ಟಿ ಹೆಸರು ಮಾಡಿದ್ದ ರಾಬರ್ಟ್ ಚಿಸಮ್ ಭಾರತೀಯ ಶೈಲಿ ಬೆರೆಸಿದ ಒಂದು ನಕ್ಷೆ ಕೊಟ್ಟಿದ್ದ. ಕೊನೆಗೆ ಕಟ್ಟಿದ್ದು ಸ್ಟೀವನ್ಸ್‌ನ ನಕ್ಷೆಯನ್ನೇ. 1893ರಲ್ಲಿ ಮುಗಿಯಿತು. ಅದರ ಗೋಪುರ ಸುಮಾರು 235 ಅಡಿ. ರಸ್ತೆಯ ಮೂಲೆಯಲ್ಲಿ ನಿಂತರೆ ಎರಡೂ ಒಟ್ಟಿಗೆ ಕಾಣುತ್ತವೆ, ಅಣ್ಣತಮ್ಮಂದಿರ ಹಾಗೆ. ಆ ಮೂಲೆಯ ಟ್ರಾಫಿಕ್ಕಿನಲ್ಲಿ ನಿಂತು ನೋಡುವುದು ಅಷ್ಟು ಸುಲಭ ಅಲ್ಲ ಅನ್ನುವುದೂ ನಿಜ.

1889ರಲ್ಲಿ ಸರ್ಕಾರ ಸಿಐಇ ಎಂಬ ಬಿರುದು ಕೊಟ್ಟಿತು. ಕೆಲಸ ಒಂದರ ಮೇಲೊಂದು ಬಂತು. 1894ರಲ್ಲಿ ಒಬ್ಬ ಹತ್ತಿ ವ್ಯಾಪಾರಿ ತೀರಿಕೊಂಡ ತನ್ನ ಹದಿನೈದು ವರ್ಷದ ಒಬ್ಬನೇ ಮಗನ ನೆನಪಿಗೆ ಕೋಟೆ ಪ್ರದೇಶದಲ್ಲಿ ಕಾರಂಜಿ ಕಟ್ಟಿಸಿದ. ಮುಲ್ಜಿ ಜೇಠಾ ಕಾರಂಜಿ ಅಂತ ಅದರ ಹೆಸರು. ಮೇಲೆ ಪುಸ್ತಕ ಹಿಡಿದು ಕೂತ ಹುಡುಗನ ಮೂರ್ತಿ. ಅದರ ವಿನ್ಯಾಸವೂ ಸ್ಟೀವನ್ಸ್‌ನದು, ಗ್ರಿಫಿತ್ಸ್ ಜೊತೆಗೂಡಿ. ಅದೇ ವರ್ಷ ಇನ್ನೊಂದು ರೈಲು ಕಂಪನಿ, ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ, ಚರ್ಚ್‌ಗೇಟಿನ ಎದುರು ತನ್ನ ಪ್ರಧಾನ ಕಚೇರಿಯನ್ನು ಆತನಿಂದಲೇ ಕಟ್ಟಿಸತೊಡಗಿತು. 1899ಕ್ಕೆ ಸಿದ್ಧವಾಯಿತು. ಅಲ್ಲಿ ಬಿಳಿ ಗುಮ್ಮಟಗಳು ಹೆಚ್ಚು, ಪೂರ್ವದೇಶದ ಛಾಯೆ ಹೆಚ್ಚು. ಇಂದು ಅದು ವೆಸ್ಟರ್ನ್ ರೈಲ್ವೆಯ ಪ್ರಧಾನ ಕಚೇರಿ. ಹೀಗೆ ಮುಂಬೈಯ ಎರಡು ರೈಲ್ವೆಗಳ ತಲೆಮನೆ ಒಬ್ಬನೇ ಕಟ್ಟಿದ್ದು. ದೂರದ ನೈನಿತಾಲಿನ ರಾಜಭವನಕ್ಕೂ ಆತನೇ ನಕ್ಷೆ ಮಾಡಿದ. ಅದು ಮುಗಿದದ್ದು 1900ರ ಮಾರ್ಚಿನಲ್ಲಿ.

ಅದೇ ಮಾರ್ಚ್ 5ರಂದು ಸ್ಟೀವನ್ಸ್ ಬೊಂಬಾಯಿಯಲ್ಲಿ ತೀರಿಕೊಂಡ. ಮಲೇರಿಯಾ. ವಯಸ್ಸು ಐವತ್ತೆರಡು. 1896ರಲ್ಲಿ ಶುರುವಾದ ಪ್ಲೇಗು ಊರನ್ನು ಅರೆಜೀವ ಮಾಡಿತ್ತು, ಅದರಿಂದ ತಪ್ಪಿಸಿಕೊಂಡವನನ್ನು ಸೊಳ್ಳೆ ಬಿಡಲಿಲ್ಲ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪುರಾವೆ ಕಂಡದ್ದು 1897ರಲ್ಲಿ, ಮೂರು ವರ್ಷವೂ ಆಗಿರಲಿಲ್ಲ. ಅದೇ ರಾಸ್ ಹಿಂದೆ 1883ರಲ್ಲಿ ಬೆಂಗಳೂರಿನಲ್ಲಿ ಮಿಲಿಟರಿ ಡಾಕ್ಟರಾಗಿದ್ದಾಗ, ನಿಂತ ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಕಂಡುಕೊಂಡಿದ್ದ. ನಮ್ಮ ಹಾಸ್ಟೆಲಿನ ಹಿಂದಿನ ಡ್ರಮ್ಮು ನೋಡಿದರೆ ಆ ವಿದ್ಯೆ ಇನ್ನೂ ಇಲ್ಲಿಗೆ ಬಂದಂತಿಲ್ಲ.

ಮಗ ಚಾರ್ಲ್ಸ್ ಸ್ಟೀವನ್ಸ್ ಅಪ್ಪನ ಕಸುಬನ್ನೇ ಮುಂದುವರಿಸಿದ. ಕೊಲಾಬಾದ ರೀಗಲ್ ಸಿನಿಮಾ ನೋಡಿದವರಿದ್ದೀರಾ? 1933ರಲ್ಲಿ ಅದನ್ನು ಕಟ್ಟಿದ್ದು ಅವನು. ಕಲ್ಲಿನ ಬಳ್ಳಿ, ಮುಂಗುಸಿ ಯಾವುದೂ ಇಲ್ಲ, ನುಣುಪಾದ ಆರ್ಟ್ ಡೆಕೋ. ಆ ವೃತ್ತದಲ್ಲಿ ನಿಂತರೆ ಒಂದು ಕಡೆ ಮಗನ ಟಾಕೀಸು, ಇನ್ನೊಂದು ಕಡೆ ಅಪ್ಪ ಇಪ್ಪತ್ತೈದರ ಪ್ರಾಯದಲ್ಲಿ ಕೈ ಹಚ್ಚಿದ ನಾವಿಕರ ಮನೆ. ಎರಡಕ್ಕೂ ನಡುವೆ ಅರವತ್ತು ವರ್ಷ, ಒಂದು ರಸ್ತೆ.

ಸ್ಟೇಷನ್ನಿನ ಗಡಿಯಾರದ ಕೆಳಗೆ ಇದ್ದ ರಾಣಿಯ ಮೂರ್ತಿ ಸ್ವಾತಂತ್ರ್ಯ ಬಂದ ಮೇಲೆ ಹೋಯಿತು. 1996ರಲ್ಲಿ ಹೆಸರೂ ಬದಲಾಗಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ಅದಕ್ಕೆ ಮಹಾರಾಜ್ ಸೇರಿತು. 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಬಂತು. ಟ್ಯಾಕ್ಸಿಯವರು ಮಾತ್ರ ಈಗಲೂ ವೀಟಿ ಅಂತಲೇ ಕೇಳುತ್ತಾರೆ. ಇಷ್ಟೆಲ್ಲ ಹೆಸರಿನ ಗಲಾಟೆಯಲ್ಲಿ ಸ್ಟೀವನ್ಸ್ ಹೆಸರು ಯಾವತ್ತೂ ಬೋರ್ಡಿನ ಮೇಲೆ ಇರಲಿಲ್ಲ, ಹಾಗಾಗಿ ಅದನ್ನು ಯಾರೂ ತೆಗೆಯಲೂ ಇಲ್ಲ.

ಆತನ ಸಮಾಧಿ ಸೇವ್ರಿಯ ಕ್ರೈಸ್ತ ಸ್ಮಶಾನದಲ್ಲಿದೆ ಎಂದು ತಿಳಿದದ್ದು ನಾವು ಹೊರಡುವ ಹಿಂದಿನ ಸಂಜೆ. ಮಾರನೇ ಬೆಳಿಗ್ಗೆ ಎಂಟಕ್ಕೆ ಉದ್ಯಾನ್. ಸೇವ್ರಿಗೆ ಹಾರ್ಬರ್ ಲೈನಿನ ಲೋಕಲ್ಲು ಹೊರಡುವುದೂ ಇದೇ ಸ್ಟೇಷನ್ನಿನಿಂದ. ಮಸೀದಿ, ಸ್ಯಾಂಡ್‌ಹರ್ಸ್ಟ್ ರೋಡ್, ಡಾಕ್‌ಯಾರ್ಡ್ ರೋಡ್, ರೇ ರೋಡ್, ಕಾಟನ್ ಗ್ರೀನ್, ಆಮೇಲೆ ಸೇವ್ರಿ. ಆರನೇ ಸ್ಟಾಪು. ನಾವು ನಾಲ್ಕು ಜನ ಟಿಕೆಟು ತಗೊಂಡು ಹತ್ತಿದೆವು. ಸಂಜೆಯ ನೂಕುನುಗ್ಗಲು, ಒಬ್ಬನ ಚಪ್ಪಲಿ ಡಾಕ್‌ಯಾರ್ಡ್ ರೋಡಿನಲ್ಲೇ ಉಳಿಯಿತು. ಇಳಿದು, ದಾರಿ ಕೇಳಿಕೊಂಡು ಹೋಗುವಷ್ಟರಲ್ಲಿ ಕತ್ತಲಾಗಿತ್ತು, ಗೇಟು ಹಾಕಿತ್ತು. ಕಾವಲಿನವರು ಬೆಳಿಗ್ಗೆ ಬನ್ನಿ ಅಂದರು. ಬೆಳಿಗ್ಗೆ ಬರಲಾಗುವುದಿಲ್ಲ ಅಂತ ಹೇಳಿದೆವು. ಯಾರ ಸಮಾಧಿ ಅಂತ ಕೇಳಿದರು, ವೀಟಿ ಕಟ್ಟಿದವರದು ಅಂದೆವು. ಅವರು ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ, ಅಂಥವರು ಇಲ್ಲಿದ್ದಾರಾ ಅಂತ ನಮ್ಮನ್ನೇ ಕೇಳಿದರು. ಮುಂದಿನ ಲೋಕಲ್ ಹಿಡಿದು ವಾಪಸು ಬಂದೆವು.